ವಿಮಾನದ ಹೊಟ್ಟೆಯಡಿ ಹಾಕಿದ ಫೈಬರ್ ತೇಪೆ ಬಿಟ್ಟುಕೊಂಡಿದೆಯಾ? ಕಿತ್ತ ತುಂಡನ್ನು ಎಸೆಯಬೇಡಿ

ಮನೆಯಲ್ಲೇ ಕಟ್ಟಿದ ವಿಮಾನದ ಹೊಟ್ಟೆಯಡಿ ಫೈಬರ್ ತೇಪೆ ಹಾಕಿದ್ದೀರಿ. ಸ್ವಲ್ಪ ದಿನ ಚೆನ್ನಾಗಿಯೇ ಇತ್ತು. ಈಗ ಅಂಚು ಎದ್ದಿದೆ, ಇಲ್ಲವೇ ನಡುವೆ ಗುಳ್ಳೆ ಬಂದಿದೆ, ಇಲ್ಲವೇ ಉಗುರು ಒತ್ತಿದರೆ ಇನ್ನೂ ಗುರುತು ಬೀಳುತ್ತಿದೆ. ಆಗ ಎಲ್ಲರೂ ಮಾಡುವ ಮೊದಲ ಕೆಲಸ ಒಂದೇ: ಗ್ರೈಂಡರ್ ಹಿಡಿದು ಎಲ್ಲವನ್ನೂ ಉಜ್ಜಿ ತೆಗೆದು, ಅದೇ ರೆಸಿನ್, ಅದೇ ಬಟ್ಟೆ, ಅದೇ ಕ್ರಮದಲ್ಲಿ ಮತ್ತೆ ಅಂಟಿಸುವುದು. ಹಾಗೆ ಮಾಡಿದರೆ ಅದೇ ದೋಷ ಮತ್ತೆ ಬರುತ್ತದೆ, ಇನ್ನೇನಾಗಬೇಕು? ಗ್ರೈಂಡರ್ ಕೆಳಗಿಡಿ. ಎದ್ದ ತೇಪೆಯನ್ನು ಉಳಿಯಿಂದ ನಿಧಾನವಾಗಿ ಎಬ್ಬಿಸಿ, ಆದಷ್ಟು ದೊಡ್ಡ ತುಂಡಾಗಿ ಕೀಳಿ. ಆ ತುಂಡಿನ ಹಿಂಬದಿಯಲ್ಲಿ ಕಾರಣ ಇದೆ.

ಇಲ್ಲಿ ಹೇಳುತ್ತಿರುವುದು ಫೋಮ್ ಮೇಲೆ ಗ್ಲಾಸ್ ಬಟ್ಟೆ, ಎಪಾಕ್ಸಿ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ರೆಸಿನ್) ಹಾಕಿ ಅಚ್ಚಿಲ್ಲದೆ ಕಟ್ಟುವ ವಿಮಾನಗಳ ಬಗ್ಗೆ. ಅಮೆರಿಕದ ಬರ್ಟ್ ರುಟಾನ್ ವಿನ್ಯಾಸದ ವೇರಿ-ಈಝಿ 1975ರಲ್ಲಿ, ಲಾಂಗ್-ಈಝಿ 1979ರಲ್ಲಿ ಮೊದಲು ಹಾರಿದವು. ಆಮೇಲೆ ಈ ದಾರಿ ಹಿಡಿದವರು ಜಗತ್ತಿನಲ್ಲಿ ಬಹಳ ಜನ. ಲಾಂಗ್-ಈಝಿಯಲ್ಲಿ ಮೂಗಿನ ಚಕ್ರ ಮಾತ್ರ ಮಡಚಿಕೊಳ್ಳುತ್ತದೆ. ಅದನ್ನು ಇಳಿಸಲು ಮರೆತು ರನ್‌ವೇ ಮೇಲೆ ಇಳಿದರೆ ಮೂಗಿನ ಅಡಿ ಸವೆದು ಫೋಮ್ ಕಾಣುತ್ತದೆ. ಹೊಟ್ಟೆಯಡಿ ತೇಪೆ ಹಾಕುವ ಪರಿಸ್ಥಿತಿ ಬರುವುದು ಹೆಚ್ಚಾಗಿ ಹೀಗೆ, ಇಲ್ಲವೇ ಚಕ್ರದಿಂದ ಸಿಡಿದ ಕಲ್ಲಿನಿಂದ.

ಕೀಳುವ ಮೊದಲು ತಟ್ಟಿ ನೋಡಿ

ಒಂದು ದಪ್ಪ ನಾಣ್ಯ ತೆಗೆದುಕೊಳ್ಳಿ. ಹಳೆಯ ಐದು ರೂಪಾಯಿ ನಾಣ್ಯ ಇದಕ್ಕೆ ಹೇಳಿ ಮಾಡಿಸಿದ್ದು, ಈಗ ಸಿಗುವುದು ಕಷ್ಟ, ಸಿಕ್ಕಿದ್ದನ್ನು ಟೂಲ್ ಬಾಕ್ಸ್‌ನಲ್ಲಿ ಇಟ್ಟುಕೊಳ್ಳಿ. ಫ್ಯಾನ್ ಬಂದ್ ಮಾಡಿ, ರೇಡಿಯೋ ಬಂದ್ ಮಾಡಿ, ತೇಪೆಯ ಹೊರಗಿನ ಗಟ್ಟಿ ಜಾಗದಿಂದ ಶುರು ಮಾಡಿ ಒಳಗೆ ಬೆರಳಗಲ ಅಂತರದಲ್ಲಿ ತಟ್ಟುತ್ತಾ ಬನ್ನಿ. ಗಟ್ಟಿ ಇರುವ ಕಡೆ ಸದ್ದು ಚುರುಕಾಗಿ, ಮೊನಚಾಗಿ ಬರುತ್ತದೆ. ಬಿಟ್ಟುಕೊಂಡ ಕಡೆ ಮಂಕಾಗಿ ದಬ್ ಅನ್ನುತ್ತದೆ. ಸದ್ದು ಬದಲಾದ ಕಡೆಯೆಲ್ಲ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಕಣ್ಣಿಗೆ ಕಾಣುವ ಗುಳ್ಳೆಗಿಂತ ಈ ಗೆರೆಯೊಳಗಿನ ಜಾಗ ಸಾಮಾನ್ಯವಾಗಿ ದೊಡ್ಡದೇ ಇರುತ್ತದೆ.

ಬಣ್ಣ ಹಚ್ಚಿದ ಜಾಗದಲ್ಲಿ ಬರೀ ಬಣ್ಣ ಸೀಳಿದೆಯಾ, ಗ್ಲಾಸೇ ಸೀಳಿದೆಯಾ ಅಂತ ಅನುಮಾನ ಇದ್ದರೆ ಆ ಜಾಗದಷ್ಟು ಬಣ್ಣವನ್ನು ಕೈಯಲ್ಲೇ ಉಜ್ಜಿ ತೆಗೆಯಿರಿ. ಎಪಾಕ್ಸಿ ತುಂಬಿದ ಗ್ಲಾಸ್ ಪದರ ಅರೆಪಾರದರ್ಶಕ. ಪದರ ಬಿಟ್ಟ ಕಡೆ, ಎಳೆ ಮುರಿದ ಕಡೆ ಬೆಳ್ಳಗೆ ಕಾಣುತ್ತದೆ. ಟಾರ್ಚನ್ನು ಅಡ್ಡಕ್ಕೆ ಹಿಡಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಇಲ್ಲೇ ಒಂದು ಮಾತು. ಗೆರೆ ಎಳೆದ ಜಾಗ ಸ್ಪಾರ್, ಅಂದರೆ ರೆಕ್ಕೆಯ ಭಾರ ಹೊರುವ ಒಳತೊಲೆಯ ಮೇಲೆ ಹೋದರೆ, ಲ್ಯಾಂಡಿಂಗ್ ಗೇರ್ ಕೂರುವ ಜಾಗಕ್ಕೆ ತಾಗಿದರೆ, ಎಂಜಿನ್ ಕೂರುವ ಗೋಡೆಯ ಹತ್ತಿರ ಬಂದರೆ ಕೆಲಸ ನಿಲ್ಲಿಸಿ. ಅದು ಮನೆಯಲ್ಲಿ ತೇಪೆ ಹಾಕುವ ವಿಷಯ ಅಲ್ಲ. ವಿನ್ಯಾಸ ಮಾಡಿದವರ ಕೈಪಿಡಿ ನೋಡಬೇಕು, ಲೈಸೆನ್ಸ್ ಇರುವ ವಿಮಾನ ಎಂಜಿನಿಯರ್ ಕಣ್ಣಿಗೆ ಬೀಳಬೇಕು. ಮುಂದೆ ಓದುವುದು ಬರೀ ಹೊರಚರ್ಮದ ದೋಷ ಇರುವವರಿಗೆ.

ಹಿಂಬದಿ ಏನು ಹೇಳುತ್ತದೆ

ಹಿಂಬದಿ ನಯವಾಗಿ, ಗಾಜಿನ ಹಾಗೆ ಹೊಳೆಯುತ್ತಿದೆ, ಹಳೆಯ ಗ್ಲಾಸಿನ ಮೇಲಿಂದ ಸುಲಭವಾಗಿ ಇಡಿಯಾಗಿ ಎದ್ದು ಬಂತು. ಹಾಗಿದ್ದರೆ ಅದು ಅಂಟಿಕೊಂಡೇ ಇರಲಿಲ್ಲ. ಎರಡು ಕಾರಣ ಇರಬಹುದು. ಒಂದು, ಹಳೆಯ ಮೈಯನ್ನು ಸರಿಯಾಗಿ ಉಜ್ಜಿಲ್ಲ. ಗಟ್ಟಿಯಾದ ಎಪಾಕ್ಸಿ ಮೇಲೆ ಹೊಸ ಎಪಾಕ್ಸಿ ಹಿಡಿಯುವುದು ಉಜ್ಜಿದ ಗೀರುಗಳಿಂದ, ಹಾಗಾಗಿ ಎಲ್ಲೂ ಹೊಳಪು ಉಳಿಯಬಾರದು, ಪೂರ್ತಿ ಮಂಕಾಗಬೇಕು, ಆದರೆ ಕೆಳಗಿನ ಎಳೆ ಕತ್ತರಿಸಿಕೊಳ್ಳಬಾರದು. 80ರ ಸ್ಯಾಂಡ್ ಪೇಪರ್, ನೀರಿಲ್ಲದೆ, ಕೈಯಲ್ಲಿ. ಮಲಗಿಕೊಂಡು ಮೇಲಕ್ಕೆ ಉಜ್ಜುವಾಗ ಧೂಳು ಮುಖದ ಮೇಲೆ ಬೀಳುತ್ತದೆ, ಕೈ ಸೋಲುತ್ತದೆ, ಅದಕ್ಕೇ ಹೊಟ್ಟೆಯಡಿ ಈ ಕೆಲಸ ಅರ್ಧಂಬರ್ಧ ಆಗುವುದು. ಎರಡನೇ ಕಾರಣ ಜಿಡ್ಡಿನ ಪೊರೆ. ಎಪಾಕ್ಸಿ ಗಟ್ಟಿಯಾಗುವಾಗ ಗಾಳಿಯ ತೇವ ಜಾಸ್ತಿ ಇದ್ದರೆ ಹಾರ್ಡನರ್ ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಮೇಣದಂಥ ತೆಳು ಪೊರೆ ಕಟ್ಟುತ್ತದೆ. ಬೇಸಿಗೆಯಲ್ಲಿ ಬಳ್ಳಾರಿಯಲ್ಲಿ ಇದು ಅಪರೂಪ, ಆದರೆ ಆಗಸ್ಟ್-ಸೆಪ್ಟೆಂಬರ್ ಮಳೆಯಲ್ಲಿ ಸುಲಭವಾಗಿ ಬರುತ್ತದೆ. ಎಷ್ಟೋ ಜನ ಇದನ್ನು ಥಿನ್ನರ್ ಹಾಕಿ ಒರೆಸುತ್ತಾರೆ. ಥಿನ್ನರ್ ಅದನ್ನು ಬಳಿದು ಹರಡುತ್ತದೆ ಅಷ್ಟೇ. ಅದು ನೀರಿಗೆ ಕರಗುವ ಪೊರೆ. ಮೊದಲು ಬರೀ ನೀರು, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಹಾಕಿ ತೊಳೆದು, ಒಣಗಿಸಿ, ಆಮೇಲೆ ಉಜ್ಜಬೇಕು. ಮೊದಲೇ ಉಜ್ಜಿದರೆ ಪೊರೆಯನ್ನು ಗೀರಿನೊಳಗೇ ತುಂಬಿದಂತೆ.

ಹಿಂಬದಿ ಬೆಳ್ಳಗಿದೆ, ಬಟ್ಟೆಯ ಎಳೆ ಒಣಗಿದಂತೆ ಎದ್ದು ಕಾಣುತ್ತಿದೆ, ಬೆರಳಾಡಿಸಿದರೆ ಚುಚ್ಚುತ್ತದೆ. ಇದು ಹೊಟ್ಟೆಯಡಿಯದೇ ವಿಶೇಷ ರೋಗ. ರೆಕ್ಕೆಯ ಮೇಲ್ಮೈಯಲ್ಲಿ ಹೆಚ್ಚಾದ ರೆಸಿನ್ ಕೆಳಗೆ, ಅಂದರೆ ಅಂಟುವ ಜಾಗಕ್ಕೇ ಇಳಿಯುತ್ತದೆ. ಹೊಟ್ಟೆಯಡಿ ಉಲ್ಟಾ. ಅಂಟುವ ಜಾಗ ಮೇಲಿದೆ, ರೆಸಿನ್ ಅಲ್ಲಿಂದ ಬಿಟ್ಟು ಹೊರಗಿನ ಮೈಗೆ ಇಳಿದು ಹನಿಯಾಗುತ್ತದೆ. ಹೊರಗೆ ನೋಡಿದರೆ ಒದ್ದೆ, ಹೊಳಪು, ಒಳ್ಳೇ ಕೆಲಸ ಅನಿಸುತ್ತದೆ. ಒಳಗೆ ಒಣ. ಅದಕ್ಕೆ ಇನ್ನಷ್ಟು ರೆಸಿನ್ ಸುರಿಯುವುದು ಮದ್ದಲ್ಲ, ಭಾರಕ್ಕೆ ಬಟ್ಟೆಯೇ ಜೋತುಬೀಳುತ್ತದೆ. ಫೋಮ್ ಮೇಲೆ ನೇರವಾಗಿ ಬಟ್ಟೆ ಇಟ್ಟಿದ್ದರೆ ಇನ್ನೂ ಕೆಟ್ಟದು, ಯಾಕೆಂದರೆ ಫೋಮಿನ ತೆರೆದ ಕಣಗಳೂ ರೆಸಿನ್ ಕುಡಿಯುತ್ತವೆ. ಎಪಾಕ್ಸಿ ಜೊತೆ ಮೈಕ್ರೋ ಬಲೂನ್ ಪುಡಿಯನ್ನು (ಟೊಳ್ಳಾದ ಅತಿ ಸಣ್ಣ ಗಾಜಿನ ಗೋಲಿಗಳು) ತೂಕದಲ್ಲಲ್ಲ, ಗಾತ್ರದಲ್ಲಿ ಹೆಚ್ಚೂಕಡಿಮೆ ಸಮವಾಗಿ ಕಲಸಿ, ಆ ಲೇಪವನ್ನು ಮೊದಲು ಫೋಮಿಗೆ ಬಳಿದು ಕಣ ತುಂಬಬೇಕು, ಆಮೇಲೆ ಬಟ್ಟೆ.

ಪುಡಿಯ ಮಾತು ಬಂತಲ್ಲ, ಒಂದು ಬುದ್ಧಿವಂತಿಕೆಯ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ಕುಡಿತಿನಿಯಲ್ಲೂ ಶಕ್ತಿನಗರದಲ್ಲೂ ಉಷ್ಣ ವಿದ್ಯುತ್ ಸ್ಥಾವರ ಇದೆ, ಹಾರುಬೂದಿಗೆ ಬರ ಇಲ್ಲ. ಹಾರುಬೂದಿಯಲ್ಲಿ ಟೊಳ್ಳು ಗೋಲಿಗಳು ಇರುತ್ತವೆ ಅನ್ನುವುದು ನಿಜ. ಹಾಗಂತ ಚೀಲದಲ್ಲಿ ಬರುವ ಬೂದಿಯನ್ನು ಹಾಗೇ ಕಲಸಬೇಡಿ. ಅದರಲ್ಲಿ ಗಟ್ಟಿ ಕಣಗಳೇ ಜಾಸ್ತಿ, ತೂಕ ಏರುತ್ತದೆ, ತೇವವೂ ಇರುತ್ತದೆ. ಇಟ್ಟಿಗೆಗೆ ಒಳ್ಳೆಯದು.

ಹಿಂಬದಿ ತುಂಬಾ ಫೋಮಿನ ಪುಡಿ ಸಮವಾಗಿ ಅಂಟಿಕೊಂಡು ಬಂದಿದೆ. ಇದು ಒಂದು ಲೆಕ್ಕಕ್ಕೆ ಒಳ್ಳೆಯ ಸುದ್ದಿ. ಅಂಟು ಗಟ್ಟಿಯಾಗಿತ್ತು, ಫೋಮೇ ಕಿತ್ತುಬಂದಿದೆ. ಮೊದಲ ಪೆಟ್ಟಿನಲ್ಲಿ ನಜ್ಜಾದ ಫೋಮನ್ನು ತೆಗೆಯದೆ ಅದರ ಮೇಲೇ ತೇಪೆ ಹಾಕಿರುತ್ತಾರೆ. ಬೆರಳಲ್ಲಿ ಒತ್ತಿದರೆ ಕುಸಿಯುವ ಫೋಮನ್ನೆಲ್ಲ ಗಟ್ಟಿ ಸಿಗುವ ತನಕ ಕೆರೆದು, ಅದೇ ಜಾತಿಯ ಫೋಮ್ ತುಂಡನ್ನು ಕೂರಿಸಿ, ಆಕಾರಕ್ಕೆ ಉಜ್ಜಿ ಮುಂದುವರಿಯಿರಿ.

ತುಂಡು ಕಿತ್ತರೆ ಒಳಗೆ ಫೋಮೇ ಇಲ್ಲ! ಗುಂಡಿ ಬಿದ್ದಿದೆ, ಗುಂಡಿಯ ಗೋಡೆ ಕರಗಿ ಅಂಟಂಟಾಗಿದೆ. ಮೂಸಿ ನೋಡಿ. ತೀಕ್ಷ್ಣವಾದ, ಮೂಗಿಗೆ ಹತ್ತುವ ಸ್ಟೈರೀನ್ ವಾಸನೆ ಇದ್ದರೆ ಇನ್ನೇನೂ ಹುಡುಕಬೇಕಿಲ್ಲ, ಯಾರೋ ಪಾಲಿಯೆಸ್ಟರ್ ರೆಸಿನ್ ಹಾಕಿದ್ದಾರೆ. ನಮ್ಮ ಊರುಗಳಲ್ಲಿ ಫೈಬರ್ ಕೆಲಸ ಅಂದರೆ ನೀರಿನ ಟ್ಯಾಂಕು, ಬಸ್ಸಿನ ಬಂಪರ್, ದೇವರ ಮಂಟಪ. ಅವೆಲ್ಲ ಪಾಲಿಯೆಸ್ಟರ್‌ನಲ್ಲೇ ಆಗುವುದು. ಫೈಬರ್ ಮೇಸ್ತ್ರಿಯನ್ನು ಕೇಳಿದರೆ, "ಅಣ್ಣಾ, ಇದ್ರಾಗೇ ಟ್ಯಾಂಕ್ ಮಾಡ್ತೀವಿ, ಒಂದ್ ಹನಿ ಸೋರಲ್ಲ ನೋಡ್ರಿ" ಅನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಟ್ಯಾಂಕಿನೊಳಗೆ ಪಾಲಿಸ್ಟೈರೀನ್ ಫೋಮ್ ಇರುವುದಿಲ್ಲ ಅಷ್ಟೇ. ಆ ರೆಸಿನ್‌ನಲ್ಲಿರುವ ಸ್ಟೈರೀನ್ ಈ ಫೋಮನ್ನು ಕರಗಿಸಿಬಿಡುತ್ತದೆ. ಹಳೆಯ ಎಪಾಕ್ಸಿ ಮೇಲೂ ಅದು ನಂಬುವಷ್ಟು ಹಿಡಿಯುವುದಿಲ್ಲ. ಗುರುತು ಹಿಡಿಯುವುದು ಸುಲಭ: ರೆಸಿನ್ ಜೊತೆ ನೇರಳೆ ಬಣ್ಣದ ಕೋಬಾಲ್ಟ್, ಹನಿ ಲೆಕ್ಕದಲ್ಲಿ ಹಾಕುವ ತಿಳಿಯಾದ ಕ್ಯಾಟಲಿಸ್ಟ್, ಹೀಗೆ ಮೂರು ಡಬ್ಬಿ ಕೊಟ್ಟರೆ ಅದು ಪಾಲಿಯೆಸ್ಟರ್. ಎಪಾಕ್ಸಿಗೆ ಎರಡೇ ಡಬ್ಬಿ. ಅಂದಹಾಗೆ ಆ ಕೋಬಾಲ್ಟನ್ನೂ ಕ್ಯಾಟಲಿಸ್ಟನ್ನೂ ನೇರವಾಗಿ ಒಟ್ಟಿಗೆ ಎಂದೂ ಬೆರೆಸಬಾರದು, ಸಿಡಿದು ಬೆಂಕಿ ಹತ್ತುತ್ತದೆ. ಅದೇ ಅಂಗಡಿಯ, ತುಂಡು ಎಳೆಗಳನ್ನು ಅಂಟಿಸಿ ಮಾಡಿದ ಮ್ಯಾಟ್ ಕೂಡ ಇಲ್ಲಿ ಬೇಡ. ಅದರ ಎಳೆಗಳನ್ನು ಹಿಡಿದಿಡುವ ಅಂಟು ಕರಗುವುದು ಸ್ಟೈರೀನ್‌ಗೆ, ಎಪಾಕ್ಸಿಗಲ್ಲ. ನೇಯ್ದ ಬಟ್ಟೆಯೇ ಬೇಕು.

ಹಿಂಬದಿ ಅಂಟಂಟಾಗಿದೆ, ರಬ್ಬರಿನಂತೆ ಬಾಗುತ್ತದೆ. ಅಳತೆ ತಪ್ಪಿದೆ. ನಮಗೆ ಸುಲಭವಾಗಿ ಸಿಗುವ ಹಲವು ಎಪಾಕ್ಸಿಗಳು ತೂಕದಲ್ಲಿ 100ಕ್ಕೆ 10 ಹಾರ್ಡನರ್ ಕೇಳುತ್ತವೆ. ತೇಪೆಗೆ 40 ಗ್ರಾಂ ರೆಸಿನ್ ತೆಗೆದುಕೊಂಡರೆ ಹಾರ್ಡನರ್ ಬರೀ 4 ಗ್ರಾಂ. ಒಂದೊಂದೇ ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿಯಲ್ಲಿ ಆ 4 ಅನ್ನುವುದು ಮೂರೂವರೆ ಇರಬಹುದು, ನಾಲ್ಕೂವರೆಯೂ ಇರಬಹುದು. ಬಂಗಾರದ ಅಂಗಡಿಯವರು ಇಡುವಂಥ ಸಣ್ಣ ಡಿಜಿಟಲ್ ತಕ್ಕಡಿ ತನ್ನಿ, ತೂಗುವಾಗ ಸೀಲಿಂಗ್ ಫ್ಯಾನ್ ನಿಲ್ಲಿಸಿ, ಗಾಳಿಗೂ ಅಂಕಿ ಕುಣಿಯುತ್ತದೆ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಒಂದು ಹನಿ ಜಾಸ್ತಿ ಹಾಕುವ ಅಭ್ಯಾಸ ಪಾಲಿಯೆಸ್ಟರ್ ಕೆಲಸದಿಂದ ಬಂದದ್ದು. ಎಪಾಕ್ಸಿಯಲ್ಲಿ ಜಾಸ್ತಿಯಾದ ಹಾರ್ಡನರ್ ಹಾಗೇ ಉಳಿದು ಮೆದು ಮಾಡುತ್ತದೆ. ಅಂಚಿನಲ್ಲಿ ಮಾತ್ರ ಅಂಟು, ನಡುವೆ ಗಟ್ಟಿ ಇದ್ದರೆ ಅಳತೆ ಸರಿ, ಕಲಸಿದ್ದು ಸಾಲದು. ಕಪ್ಪಿನ ಗೋಡೆ, ತಳ ಕೆರೆದು ಕೆರೆದು ಕಲಸಬೇಕು. ಪ್ರತಿ ಸಲ ಕಲಸಿದ್ದರಲ್ಲಿ ಒಂದು ಚೂರನ್ನು ಪ್ಲಾಸ್ಟಿಕ್ ಹಾಳೆ ಮೇಲೆ ತೆಳುವಾಗಿ ಬಳಿದು ತಾರೀಕು ಬರೆದಿಡಿ. ಕಪ್ಪಿನಲ್ಲಿ ಉಳಿದದ್ದು ಗಟ್ಟಿಯಾಯಿತು ಅಂತ ನಂಬಬೇಡಿ, ಅಲ್ಲಿ ರಾಶಿ ಇರುವುದರಿಂದ ತನ್ನ ಬಿಸಿಗೇ ಗಟ್ಟಿಯಾಗಿರುತ್ತದೆ.

ಕೊನೆಯದು, ಹಿಂಬದಿಯಲ್ಲಿ ಕಲೆ. ಕಂದು ಜಿಡ್ಡಾದರೆ ಎಂಜಿನ್ ಆಯಿಲ್. ಕೆಂಪಗಿನ ನುಣುಪು ಪುಡಿಯಾದರೆ ಹೇಳಬೇಕಾ, ಸಂಡೂರು-ತೋರಣಗಲ್ಲು ಕಡೆಯ ಅದಿರಿನ ಧೂಳು. ಒಂದು ಲಾರಿ ಹೋದರೆ ಸಾಕು, ಬಾಗಿಲು ತೆರೆದ ಶೆಡ್ಡಿನಲ್ಲಿ ಎಲ್ಲದರ ಮೇಲೂ ಕೂತಿರುತ್ತದೆ, ಮಲಗಿ ನೋಡಿದರೆ ಹೊಟ್ಟೆಯಡಿಯೂ. ಒರೆಸಿದ ಮೇಲೆ ತಡಮಾಡದೆ ಬಟ್ಟೆ ಅಂಟಿಸಿ. ಆಯಿಲ್ ತೆಗೆಯುವಾಗ ಎರಡು ಬಿಳಿ ಬಟ್ಟೆ ಬೇಕು, ಒಂದು ಅಸಿಟೋನ್‌ನಲ್ಲಿ ಅದ್ದಿದ್ದು, ಇನ್ನೊಂದು ಒಣಗಿದ್ದು, ಹಿಂದೆಯೇ ಒರೆಸಲು. ನಮ್ಮ ಬಿಸಿಲಿಗೆ ಅಸಿಟೋನ್ ಕಣ್ಣು ಮಿಟುಕಿಸುವಷ್ಟರಲ್ಲಿ ಆರಿ, ಕರಗಿದ ಜಿಡ್ಡು ಅಲ್ಲೇ ಕೂರುತ್ತದೆ. ತೆರೆದ ಪಾಲಿಸ್ಟೈರೀನ್ ಫೋಮಿಗೆ ಮಾತ್ರ ಅಸಿಟೋನ್ ತಾಗಿಸಬೇಡಿ, ಅದೂ ಕರಗಿಸುತ್ತದೆ. ಶುದ್ಧವಾಯಿತಾ ಅಂತ ತಿಳಿಯಲು ಗ್ಲಾಸಿನ ಮೇಲೆ ನೀರು ಸಿಂಪಡಿಸಿ. ನೀರು ಒಂದೇ ಪೊರೆಯಾಗಿ ಹರಡಿದರೆ ಸರಿ. ಮಣಿ ಮಣಿಯಾಗಿ ಒಡೆದರೆ ಜಿಡ್ಡು ಇನ್ನೂ ಇದೆ. ಆಮೇಲೆ ಪೂರ್ತಿ ಒಣಗಿಸಿ.

ಗುಳ್ಳೆ ಬಂದರೆ ಗಡಿಯಾರ ನೋಡಿ

ಹಿಂಬದಿ ಎಲ್ಲ ಸರಿ ಇದೆ, ಆದರೂ ಅಲ್ಲಲ್ಲಿ ಸಣ್ಣ ಸಣ್ಣ ಗುಳ್ಳೆ ಅಂದರೆ ತೇಪೆ ಯಾವ ಹೊತ್ತಿನಲ್ಲಿ ಹಾಕಿದಿರಿ ಅಂತ ನೆನಪು ಮಾಡಿಕೊಳ್ಳಿ. ಏಪ್ರಿಲ್-ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು 40 ಡಿಗ್ರಿ ಮುಟ್ಟುತ್ತವೆ. ಅದಕ್ಕೆ ಹೆದರಿ ಎಲ್ಲರೂ ಬೆಳಿಗ್ಗೆ ತಂಪು ಹೊತ್ತಿನಲ್ಲೇ ಕೆಲಸ ಮುಗಿಸುತ್ತಾರೆ. ಕೇಳಲು ಸರಿಯಾಗಿದೆ. ಆದರೆ ಬೆಳಿಗ್ಗೆ ಆರಕ್ಕೆ ಅಂಟಿಸಿದ ಬಟ್ಟೆಯ ರೆಸಿನ್ ಇನ್ನೂ ಮೆದುವಾಗಿರುವಾಗಲೇ ತಗಡಿನ ಶೆಡ್ಡು ಕಾಯಲು ಶುರುವಾಗುತ್ತದೆ. ಫೋಮ್ ಕಣಗಳಲ್ಲಿ, ಲೇಪದಲ್ಲಿ ಸಿಕ್ಕಿದ ಗಾಳಿ ಹಿಗ್ಗಿ ಹೊರಗೆ ತಳ್ಳುತ್ತದೆ, ಬಟ್ಟೆಯ ಕೆಳಗೆ ಗುಳ್ಳೆ. ಸಂಜೆ ಬಿಸಿಲು ಇಳಿದ ಮೇಲೆ ಹಾಕಿದರೆ ಇದೇ ಗಾಳಿ ಕುಗ್ಗುತ್ತದೆ, ರೆಸಿನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ನನ್ನ ಓಟು ಸಂಜೆಗೇ. ಮಳೆಗಾಲದಲ್ಲಿ ಮಾತ್ರ ರಾತ್ರಿ ತೇವ ಏರುವುದರಿಂದ ಶೆಡ್ಡಿನಲ್ಲಿ ಒಂದು ಹ್ಯಾಲೋಜನ್ ಬಲ್ಬು ಉರಿಸಿಟ್ಟು ಬೆಚ್ಚಗಿಡಬೇಕು.

ಸಂಜೆಯಾದರೂ ಸೆಕೆ ಇರುತ್ತದೆ, ಆದ್ದರಿಂದ ಒಂದೇ ಸಲ ಜಾಸ್ತಿ ಕಲಸಬೇಡಿ. ಬಿಸಿ 10 ಡಿಗ್ರಿ ಏರಿದರೆ ಕೆಲಸ ಮಾಡಲು ಸಿಗುವ ಹೊತ್ತು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಡಬ್ಬಿ ಮೇಲೆ 25 ಡಿಗ್ರಿಗೆ ಅರ್ಧ ಗಂಟೆ ಅಂತ ಬರೆದಿದ್ದರೆ 35ಕ್ಕೆ ಕಾಲು ಗಂಟೆ. ಕಲಸಿದ ಕೂಡಲೇ ಅಗಲ ತಟ್ಟೆಗೆ ಸುರಿಯಿರಿ. ಕಪ್ಪಿನಲ್ಲೇ ಬಿಟ್ಟರೆ ಹೊಗೆ ಬರುತ್ತದೆ, ಆಗ ಅದನ್ನು ಹೊರಗಿಡಿ, ಬಳಸಬೇಡಿ.

ಮೇಲಕ್ಕೆ ಅಂಟಿಸುವ ಬಗೆ

ಸಾಧ್ಯವಾದರೆ ವಿಮಾನವನ್ನೇ ಮಗುಚಿ. ಆಗದಿದ್ದರೆ ಬ್ರಷ್ ಹಿಡಿದು ಮೇಲಕ್ಕೆ ಬಳಿಯುವ ಆಟ ಬಿಡಿ, ಬಟ್ಟೆಯನ್ನು ಮೇಜಿನ ಮೇಲೆಯೇ ನೆನೆಸಿ.

ದಪ್ಪ ಪಾಲಿಥಿನ್ ಹಾಳೆಯ ಒಂದು ಮೈಗೆ ಮಾರ್ಕರ್‌ನಿಂದ ತೇಪೆಯ ಆಕಾರ ಬರೆಯಿರಿ, ಇನ್ನೊಂದು ಮೈ ಮೇಲೆ ಬಟ್ಟೆ ಹಾಸಿ. ಬಟ್ಟೆಯನ್ನು ಮೊದಲೇ ತೂಗಿಟ್ಟಿದ್ದರೆ ಅಷ್ಟೇ ತೂಕದ ರೆಸಿನ್ ಸಾಕು, ಚೂರು ಜಾಸ್ತಿ ಇರಲಿ. ಸುರಿದು, ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ನಡುವಿನಿಂದ ಹೊರಕ್ಕೆ ಎಳೆಯುತ್ತಾ ಹೋಗಿ. ಬಿಳಿ ಬಟ್ಟೆ ಕಣ್ಣ ಮುಂದೆಯೇ ತಿಳಿಯಾಗಿ ಕೆಳಗಿನ ಮಾರ್ಕರ್ ಗೆರೆ ಕಾಣಿಸಿಕೊಳ್ಳುತ್ತದೆ. ಎಲ್ಲಾದರೂ ಬಿಳಿ ಚುಕ್ಕೆ ಉಳಿದರೆ ಅಲ್ಲಿ ಗಾಳಿ ಇದೆ, ಮತ್ತೆ ಎಳೆಯಿರಿ. ಮೇಲೆ ಇನ್ನೊಂದು ಹಾಳೆ ಮುಚ್ಚಿ, ಗೆರೆಯ ಗುಂಟ ಪ್ಲಾಸ್ಟಿಕ್ ಸಮೇತ ಕತ್ತರಿಸಿ. ಇದಕ್ಕೆ ಜೀನ್ಸ್ ಕತ್ತರಿಸುವ ದೊಡ್ಡ ಕತ್ತರಿಯಂಥದ್ದು ಇನ್ನೊಂದಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಬರವಾ, ಸಾಣೆ ಹಿಡಿಸಿದ ಹಳೆಯದೊಂದನ್ನು ಕೇಳಿ ತನ್ನಿ. ಅವರ ಕೆಲಸದ ಕತ್ತರಿಯನ್ನೇ ಎರವಲು ತಂದರೆ ಮಾತ್ರ ಸಂಬಂಧ ಕೆಡುತ್ತದೆ, ಗ್ಲಾಸ್ ಅಷ್ಟು ಬೇಗ ಅಲಗು ತಿನ್ನುತ್ತದೆ.

ಅಂಟಿಸುವ ಜಾಗಕ್ಕೆ ಫ್ಯೂಮ್ಡ್ ಸಿಲಿಕಾ ಪುಡಿ ಕಲಸಿ ದಪ್ಪ ಮಾಡಿದ ಎಪಾಕ್ಸಿಯನ್ನು ತೆಳುವಾಗಿ ಬಳಿಯಿರಿ, ಬೆರಳು ಮುಟ್ಟಿದರೆ ಎಳೆಯುವಷ್ಟು ಅಂಟು ಬರುವ ತನಕ ಕಾಯಿರಿ. ಈಗ ತುಂಡಿನ ಒಂದು ಕಡೆಯ ಪ್ಲಾಸ್ಟಿಕ್ ಸುಲಿದು, ಒಂದು ಅಂಚಿನಿಂದ ಒತ್ತುತ್ತಾ ಅಂಟಿಸಿ, ಆಮೇಲೆ ಹೊರಗಿನ ಪ್ಲಾಸ್ಟಿಕ್ ಸುಲಿಯಿರಿ. ಅದು ನಿಲ್ಲುತ್ತದೆ. ಪ್ರತಿ ಪದರ ಹಿಂದಿನದಕ್ಕಿಂತ ಸುತ್ತಲೂ ಒಂದು ಇಂಚಿನಷ್ಟು ದಾಟಿರಲಿ. ಎಳೆಯ ದಿಕ್ಕು ಮೂಲ ನಕ್ಷೆಯಲ್ಲಿ ಹೇಗಿದೆಯೋ ಹಾಗೇ ಇರಬೇಕು, ಅಡ್ಡಾದಿಡ್ಡಿ ಇಟ್ಟರೆ ಪದರದ ಲೆಕ್ಕ ಸರಿ ಬಂದರೂ ಬಲ ಬರುವುದಿಲ್ಲ.

ಎಲ್ಲದರ ಮೇಲೆ ಪೀಲ್ ಪ್ಲೈ, ಅಂದರೆ ರೆಸಿನ್ ಗಟ್ಟಿಯಾದ ಮೇಲೆ ಸುಲಿದು ತೆಗೆಯುವ ಬಟ್ಟೆ. ಅದಕ್ಕೆಂದೇ ತರಿಸುವುದು ಕಷ್ಟವಾದರೆ ಲೇಪ ಇಲ್ಲದ ಪಾಲಿಯೆಸ್ಟರ್ ಲೈನಿಂಗ್ ಬಟ್ಟೆ ನಡೆಯುತ್ತದೆ, ಆದರೆ ನೀರು ಹಿಡಿಯದಂತೆ ಲೇಪ ಕೊಟ್ಟದ್ದು ಬೇಡವೇ ಬೇಡ. ಮೊದಲು ಚೂರು ತುಂಡಿನ ಮೇಲೆ ಹಾಕಿ, ಗಟ್ಟಿಯಾದ ಮೇಲೆ ಸುಲಿದು ನೋಡಿ. ಅದರ ಹೊರಗೆ ಪಾಲಿಥಿನ್ ಹಾಳೆ, ಹಾಳೆಯ ಕೆಳಗೆ ಮೆತ್ತನೆಯ ಸ್ಪಂಜ್ ಅಂಟಿಸಿದ ಹಲಗೆ, ಹಲಗೆಯ ಕೆಳಗೆ ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬು. ಟ್ಯೂಬನ್ನು ಡಬ್ಬದ ಮೇಲಿಟ್ಟು ಮೆಲ್ಲಗೆ ಗಾಳಿ ತುಂಬಿದರೆ ಹಲಗೆ ಸಮವಾಗಿ ಒತ್ತಿಕೊಳ್ಳುತ್ತದೆ. ಜಾಸ್ತಿ ಒತ್ತಿದರೆ ಇದ್ದ ರೆಸಿನ್ನೂ ಹಿಂಡಿ ಹೋಗುತ್ತದೆ, ಅದೂ ಬೇಡ.

ಕನ್ನಡಕ, ಅಂದರೆ ಪೂರ್ತಿ ಕಣ್ಣು ಮುಚ್ಚುವ ಗಾಗಲ್, ಹಾಕಿಕೊಳ್ಳದೆ ಕೆಳಗೆ ಮಲಗಬೇಡಿ. ಹನಿ ನೇರವಾಗಿ ಕಣ್ಣಿಗೇ ಬೀಳುತ್ತದೆ. ಕೈಗೆ ಅಂಟಿದ್ದನ್ನು ಥಿನ್ನರ್‌ನಿಂದ ತೊಳೆಯುವ ಚಟ ಬಿಡಿ, ಸೋಪು ಸಾಕು. ಎಪಾಕ್ಸಿ ಅಲರ್ಜಿ ಒಮ್ಮೆ ಹಿಡಿದರೆ ಮತ್ತೆ ಈ ಕೆಲಸವೇ ಬಂದ್. ವಿಮಾನವನ್ನು ಬರೀ ಜ್ಯಾಕ್ ಮೇಲೆ ನಿಲ್ಲಿಸಿಯೂ ಅಡಿಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ.

ಇಷ್ಟು ಮಾಡಿದರೂ ಅದೇ ಜಾಗದಲ್ಲಿ ಎದ್ದರೆ

ಆಗ ತಪ್ಪು ತೇಪೆಯದಲ್ಲ. ಎಕ್ಸಾಸ್ಟ್ ಬಿಸಿ ತಾಗುತ್ತಿದೆಯಾ ನೋಡಿ. ಒಳಗಿನಿಂದ ಪೆಟ್ರೋಲ್ ಅಥವಾ ನೀರು ಸೋರಿ ಫೋಮಿನ ಹಿಂದೆ ನಿಂತಿದೆಯಾ ನೋಡಿ. ಗೇರ್ ಹತ್ತಿರವಾದರೆ ಒಬ್ಬರು ಬಾಲ ಹಿಡಿದು ಮೇಲೆ ಕೆಳಗೆ ಅಲುಗಿಸಲಿ, ಇನ್ನೊಬ್ಬರು ಮಲಗಿ ಸೀಳು ತೆರೆದು ಮುಚ್ಚುತ್ತದಾ ನೋಡಲಿ. ಅಲುಗಿದರೆ ಮೊದಲು ಹೇಳಿದ ಎಂಜಿನಿಯರ್ ದಾರಿಯೇ.

ಬಿಸಿಯ ಲೆಕ್ಕ ಇನ್ನೊಂದಿದೆ. ಕೋಣೆಯ ಬಿಸಿಗೆ ಗಟ್ಟಿಯಾದ ಹಲವು ಎಪಾಕ್ಸಿಗಳು 50-60 ಡಿಗ್ರಿ ಹತ್ತಿರ ಮೆದುವಾಗಲು ಶುರುಮಾಡುತ್ತವೆ. ಇಂಥ ವಿಮಾನಗಳಿಗೆ ಬಿಳಿ ಬಣ್ಣವೇ ಬೇಕು ಅನ್ನುವುದು ಇದಕ್ಕೇ. ಹೊಟ್ಟೆಯಡಿ ನೆರಳಲ್ವಾ ಅಂತ ಕೆಲವರು ಅಲ್ಲಿ ಮಾತ್ರ ಕಪ್ಪು, ಕಡುನೀಲಿ ಹೊಡೆಯುತ್ತಾರೆ. ಮೇ ತಿಂಗಳ ಮಧ್ಯಾಹ್ನ ನಮ್ಮ ಕಾಂಕ್ರೀಟ್ ಮೇಲೆ ಬರಿಗಾಲಿಟ್ಟು ನೋಡಿ, ಹೊಟ್ಟೆಗೆ ಎಷ್ಟು ಕಾವು ಏರುತ್ತದೆ ಗೊತ್ತಾಗುತ್ತದೆ. ತೇಪೆ ಗಟ್ಟಿಯಾದ ಮೇಲೆ ರೆಸಿನ್ ತಯಾರಕರು ಹೇಳಿದಂತೆ ಮೆಲ್ಲಗೆ ಕಾಯಿಸಿ ಹದಮಾಡಿದರೆ ತಡೆಯುವ ಶಕ್ತಿ ಏರುತ್ತದೆ. ಒಳಗೆ ಪಾಲಿಸ್ಟೈರೀನ್ ಫೋಮ್ ಇದ್ದರೆ 70 ಡಿಗ್ರಿ ದಾಟಿಸಬೇಡಿ. ಥರ್ಮಾಮೀಟರ್ ಇಲ್ಲದೆ ಹೀಟ್ ಗನ್ ಹಿಡಿಯಲೇಬೇಡಿ.

ಕೆಲಸ ಮುಗಿದ ಮೇಲೆ ಬಣ್ಣಕ್ಕೆ ಮೊದಲು ಒಂದು ಸಲ, ಮೊದಲ ಲ್ಯಾಂಡಿಂಗ್ ಆದ ಮೇಲೆ ಇನ್ನೊಂದು ಸಲ ನಾಣ್ಯ ತಟ್ಟಿ. ಹಾಕಿದ ಬಟ್ಟೆ, ರೆಸಿನ್, ಪುಡಿಯ ತೂಕ ಬರೆದುಕೊಳ್ಳಿ. ತೇಪೆ ಬಾಲದ ಕಡೆ ಇದ್ದರೆ ಭಾರಕೇಂದ್ರವನ್ನು ಮತ್ತೆ ಲೆಕ್ಕ ಹಾಕಿ ಲಾಗ್ ಪುಸ್ತಕಕ್ಕೆ ಸೇರಿಸಿ, ಕಿತ್ತ ಹಳೆಯ ತುಂಡಿನ ಫೋಟೋವನ್ನೂ ಅದೇ ಪುಟಕ್ಕೆ ಅಂಟಿಸಿ.